ಗೆಲಾಗ: ಸೆರೆಯಾದ ನೌಕೆಯ ಲೆಕ್ಕಾಚಾರ

ಸೇಲಂ, ಧರ್ಮಪುರಿ ಜಿಲ್ಲೆಗಳ ನಮ್ಮ ಮನೆಗಳಲ್ಲಿಯೂ ಮಕ್ಕಳು ಮೊಬೈಲಿನಲ್ಲಿ ಆಡುವ ಆಕಾಶಯುದ್ಧದ ಆಟಗಳನ್ನು ಕಾಣಬಹುದು. ಪರದೆಯ ತಳದಲ್ಲೊಂದು ಪುಟ್ಟ ನೌಕೆ, ಮೇಲೆ ಸಾಲುಗಟ್ಟಿದ ಶತ್ರುಪಡೆ. ಈ ವಿನ್ಯಾಸಕ್ಕೆ ನಾಲ್ಕು ದಶಕಗಳಿಗೂ ಮೀರಿದ ವಯಸ್ಸಾಗಿದೆ. 1978ರಲ್ಲಿ ಜಪಾನಿನ ಟೈಟೊ ಸಂಸ್ಥೆಯ ತೊಮೊಹಿರೊ ನಿಶಿಕಾಡೊ ರೂಪಿಸಿದ ‘ಸ್ಪೇಸ್ ಇನ್ವೇಡರ್ಸ್’ ಇದನ್ನು ಜನಪ್ರಿಯಗೊಳಿಸಿತು. ಮರುವರ್ಷ ನಾಮ್ಕೊ ಸಂಸ್ಥೆ ‘ಗೆಲಾಕ್ಸಿಯನ್’ ಆಟವನ್ನು ತಂದಿತು. ಅದರ ಮುಂದಿನ ಭಾಗವೇ 1981ರ ‘ಗೆಲಾಗ’, ನಾಣ್ಯ ಹಾಕಿ ಆಡುವ ಯಂತ್ರ.

ಮುಂದಿನ ಭಾಗವೆಂದರೆ ಹಳೆಯ ಮನೆಗೆ ಹೊಸ ಸುಣ್ಣವೆಂದೇ ಹಲವರ ಎಣಿಕೆ. ಗೆಲಾಗದಲ್ಲಿ ಅಂಥ ಸುಧಾರಣೆಗಳೂ ಇವೆ. ಮೊದಲು ಒಂದು ಗುಂಡು ತಾಗುವ ಅಥವಾ ಪರದೆ ದಾಟುವ ತನಕ ಇನ್ನೊಂದನ್ನು ಹಾರಿಸುವಂತಿರಲಿಲ್ಲ. ಇಲ್ಲಿ ಏಕಕಾಲಕ್ಕೆ ಎರಡು ಗುಂಡು. ಜೇನು, ಪತಂಗಗಳ ಆಕಾರದ ಶತ್ರುಗಳು ಸುರುಳಿ ಸುತ್ತುತ್ತ ಬಂದು ಸ್ಥಾನ ಹಿಡಿಯುತ್ತವೆ.

ಆದರೆ ಆಟದ ಜೀವ ಇರುವುದು ಬೇರೆಡೆ. ಶತ್ರುಪಡೆಯ ನಾಯಕ ಕೆಳಗಿಳಿದು ಬೀಸಣಿಗೆಯಂತೆ ಹರಡುವ ಕಿರಣವೊಂದನ್ನು ಬಿಡುತ್ತಾನೆ. ಅದರಲ್ಲಿ ಸಿಕ್ಕ ನೌಕೆ ಕೆಂಪಾಗಿ ಅವನ ವಶವಾಗುತ್ತದೆ. ಆಟಗಾರನು ತನ್ನ ಮುಂದಿನ ನೌಕೆಯಿಂದ ಆ ನಾಯಕನನ್ನು, ಅವನು ಕೆಳಗೆ ಎರಗುವ ಹೊತ್ತಿನಲ್ಲಿಯೇ, ಹೊಡೆದರೆ ಸೆರೆಯಾದ ನೌಕೆ ಮರಳಿ ಬಂದು ಪಕ್ಕಕ್ಕೆ ಕೂಡಿಕೊಳ್ಳುತ್ತದೆ. ಆಗ ಬಲ ಇಮ್ಮಡಿ. ಶತ್ರುವಿನ ಗುಂಡಿಗೆ ಸಿಗುವ ಅಗಲವೂ ಇಮ್ಮಡಿ, ಇದನ್ನು ಮರೆಯುವಂತಿಲ್ಲ. ಗುರಿ ತಪ್ಪಿ ಗುಂಡು ನಮ್ಮದೇ ನೌಕೆಗೆ ತಾಗಿದರೆ ಅದು ನಾಶವಾಗುತ್ತದೆ. ಕೊನೆಯ ನೌಕೆಯೇ ಸೆರೆಯಾದರಂತೂ ಆಟ ಮುಗಿಯಿತು, ನಾಣ್ಯವೂ ಹೋಯಿತು.

ಆದ್ದರಿಂದ ಬಲ್ಲ ಆಟಗಾರನು ಕಿರಣದಿಂದ ತಪ್ಪಿಸಿಕೊಳ್ಳುವುದಿಲ್ಲ; ಬೇಕೆಂದೇ ಅದರೊಳಗೆ ಹೋಗುತ್ತಾನೆ. ಜಗಲಿಯ ಮೇಲೆ ಆಡು-ಹುಲಿ ಆಟವಾಡಿದ ಹಿರಿಯರಿಗೆ ಈ ನಡೆಯ ಗುಟ್ಟು ಬೇಗ ತಿಳಿದೀತು. ಹುಲಿಯನ್ನು ಕಟ್ಟಿಹಾಕಲು ಒಂದು ಆಡನ್ನು ಬಿಟ್ಟುಕೊಡುವುದುಂಟಲ್ಲವೆ? ಅಲ್ಲಿ ಹೋದ ಆಡು ಹೋದದ್ದೇ. ಇಲ್ಲಿ ಮರಳಿ ಬರುವ ಆಸೆಯಿದೆ, ಆ ಆಸೆಯೇ ಮತ್ತೊಂದು ನಾಣ್ಯ ಹಾಕಿಸುತ್ತದೆ.

1984ರಲ್ಲಿ ಬಂದ ‘ಗ್ಯಾಪ್ಲಸ್’ ಎಂಬ ಮುಂದಿನ ಭಾಗದಲ್ಲಿ ಶತ್ರುಗಳನ್ನು ಸೆಳೆಯುವ ಕಿರಣ ಆಟಗಾರನಿಗೇ ದೊರೆಯಿತು. ಸ್ವಂತ ನೌಕೆಯನ್ನು ಪಣಕ್ಕಿಡುವ ಅಳುಕು ಇಲ್ಲವಾದ ಮೇಲೆ ಆ ಕಿರಣದ ಸೊಗಸು ಅರ್ಧಕ್ಕಿಳಿಯಿತೆಂದೇ ನನ್ನ ಎಣಿಕೆ.