ಹದಿನೆಂಟು ತುಂಬಿದ ಮರುದಿನ ನಾನು ಲೆಕ್ಕಕ್ಕಿಲ್ಲ!

ಆಗ ನಾನು ಫಸ್ಟ್ ಪಿಯುಸಿ. ಒಂದು ಭಾನುವಾರ ಅಮ್ಮ ಹೊಲಿಗೆ ಮಷಿನ್ ಮೇಲಿದ್ದ ಬ್ಲೌಸ್ ಪೀಸುಗಳನ್ನು ಪಕ್ಕಕ್ಕೆ ಸರಿಸಿ, ಒಂದು ಕಟ್ಟು ಹಾಳೆ ತಂದು ನನ್ನ ಮುಂದಿಟ್ಟಳು. ‘ಎಲ್ಲ ಇಂಗ್ಲಿಷಲ್ಲಿದೆ ಕಣೋ, ನೀನೇ ತುಂಬಿಬಿಡು. ನಾಳೆ ಮೇಡಂಗೆ ಕೊಡಬೇಕು’ ಅಂದಳು. ಮೇಡಂ ಅಂದರೆ ನಮ್ಮ ವಕೀಲರು.

ಅದು ಆಸ್ತಿ ಮತ್ತು ಹೊಣೆಗಾರಿಕೆಗಳ ಅಫಿಡವಿಟ್. ಮನೆ ಬಾಡಿಗೆ ಎಷ್ಟು, ಗ್ಯಾಸ್‌ಗೆ ಎಷ್ಟು, ಔಷಧಿಗೆ ಎಷ್ಟು, ಕೈಸಾಲ ಎಷ್ಟು, ಮಗನ ಓದಿಗೆ ಎಷ್ಟು... ಒಂದೊಂದೇ ಕಾಲಂ ತುಂಬುತ್ತಾ ಹೋದೆ. ‘ಮಗ’ ಅಂತ ಇದ್ದಲ್ಲಿ ನನ್ನ ಹೆಸರನ್ನೇ ಬರೆಯುವಾಗ ಒಂದು ಥರಾ ಆಯಿತು. ಅಪ್ಪ–ಅಮ್ಮ ಬೇರೆಯಾಗಿ ಎರಡು ವರ್ಷವಾಗಿತ್ತು. ಮೈಸೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಜೀವನಾಂಶದ ಕೇಸು ನಡೆಯುತ್ತಿತ್ತು.

‘ಇಷ್ಟೆಲ್ಲ ಯಾಕೆ ಕೇಳ್ತಾರೆ?’ ಎಂದು ಮೇಡಂ ಅವರನ್ನು ಕೇಳಿದೆ. ‘ಜಡ್ಜ್ ಸುಮ್ಮನೆ ಒಂದು ಮೊತ್ತ ಹೇಳೋ ಹಾಗಿಲ್ಲಪ್ಪ, ಏನೇನು ನೋಡಬೇಕು ಅಂತ ಪಟ್ಟಿ ಇದೆ’ ಅಂದರು. ಆ ಪಟ್ಟಿಯನ್ನು ನಾನು ಹುಡುಕಿ ಓದಿದೆ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 23ನೇ ಸೆಕ್ಷನ್‌ನಲ್ಲಿ ಐದು ಅಂಶಗಳಿವೆ: ಎರಡೂ ಕಡೆಯವರ ಸ್ಥಾನಮಾನ, ಕೇಳುವವರ ಸಮಂಜಸ ಅಗತ್ಯಗಳು, ಬೇರೆ ಇದ್ದರೆ ಅದಕ್ಕೆ ನ್ಯಾಯವಾದ ಕಾರಣವಿದೆಯೇ, ಅವರ ಸ್ವಂತ ಆಸ್ತಿ–ಆದಾಯ ಎಷ್ಟು, ಜೀವನಾಂಶಕ್ಕೆ ಹಕ್ಕುದಾರರು ಒಟ್ಟು ಎಷ್ಟು ಜನ. 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಈ ಪಟ್ಟಿಯನ್ನು ಇನ್ನೂ ಉದ್ದ ಮಾಡಿತು. ಹೆಂಡತಿಯ ಓದು, ಮದುವೆಗೆ ಮುಂಚಿನ ಕೆಲಸ, ಮಕ್ಕಳನ್ನು ಸಾಕಲು ಅವಳು ಬಿಟ್ಟುಕೊಟ್ಟ ನೌಕರಿ, ಗಂಡನ ನಿಜವಾದ ಆದಾಯ, ಅವನನ್ನು ನಂಬಿದವರು, ಅವನ ಸಾಲ ಎಲ್ಲವನ್ನೂ ನೋಡಬೇಕು. ಇಬ್ಬರೂ ಅಫಿಡವಿಟ್ ಕೊಡಬೇಕೆಂದು ಹೇಳಿದ್ದೂ ಅದೇ ತೀರ್ಪು.

ಈಗ ನಾನು ಎಲೆಕ್ಟ್ರಾನಿಕ್ಸ್ ಬಿ.ಇ. ವಿದ್ಯಾರ್ಥಿ. ಪ್ರಾಜೆಕ್ಟಿಗೆ ಒಂದು ಮೋಟರ್ ಆರಿಸಬೇಕಾದರೂ ನಾವು ಟೇಬಲ್ ಹಾಕುತ್ತೇವೆ. ಬೆಲೆಗೆ 40 ಅಂಕ, ಶಕ್ತಿಗೆ 30, ತೂಕಕ್ಕೆ 20, ಸಿಗುವ ಸುಲಭಕ್ಕೆ 10. ಗುಣಿಸಿ ಕೂಡಿದರೆ ಉತ್ತರ ಬಂತು. ಕಾನೂನಿನ ಪಟ್ಟಿಯಲ್ಲಿ ಈ ಅಂಕಗಳೇ ಇಲ್ಲ! ಏನು ತೂಗಬೇಕೆಂದು ಹೇಳುತ್ತದೆ, ಯಾವುದಕ್ಕೆ ಎಷ್ಟು ತೂಕ ಎಂದು ಹೇಳುವುದಿಲ್ಲ. ಮೊದಲ ಸಲ ಓದಿದಾಗ ಇದು ಅರೆಬರೆ ಕೆಲಸ ಅನ್ನಿಸಿತ್ತು. ಸೂತ್ರ ಹಾಕಲು ಪ್ರಯತ್ನ ನಡೆದಿಲ್ಲ ಅಂತಲ್ಲ. ಗಂಡನ ನಿವ್ವಳ ಸಂಬಳದ ಶೇ 25ರಷ್ಟು ನ್ಯಾಯವಾದ ಮೊತ್ತ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತ್ತು. ಆದರೆ 2020ರ ತೀರ್ಪು, ಎಲ್ಲರಿಗೂ ಹೊಂದುವ ಒಂದೇ ಅಳತೆ ಇಲ್ಲ ಎಂದಿತು.

ನಮ್ಮ ಕೇಸಿನಲ್ಲಿ ಅಮ್ಮನಿಗೆ ತಿಂಗಳಿಗೆ 6,000, ನನಗೆ 4,000 ರೂಪಾಯಿ ಎಂದು ಆದೇಶವಾಯಿತು. ನನ್ನ ಮೊತ್ತದ ಮುಂದೆ ಒಂದು ಸಣ್ಣ ಸಾಲಿತ್ತು: ‘ಪ್ರಾಪ್ತ ವಯಸ್ಸಿಗೆ ಬರುವವರೆಗೆ’. ಆಗ ಅದನ್ನು ನಾವ್ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಸಿಇಟಿ ಬರೆದು ಬಿ.ಇ. ಸೇರಿದೆ. ಮೊದಲ ಸೆಮಿಸ್ಟರ್‌ನಲ್ಲಿ ನನಗೆ 18 ತುಂಬಿತು. ಅಮ್ಮ ಕೇಸರಿಬಾತ್ ಮಾಡಿದ್ದಳು. ಮುಂದಿನ ತಿಂಗಳು ಬ್ಯಾಂಕಿಗೆ ಬಂದದ್ದು 6,000 ಮಾತ್ರ. ಅಪ್ಪನದೇನೂ ತಪ್ಪಿರಲಿಲ್ಲ, ಆದೇಶದಲ್ಲಿ ಇದ್ದದ್ದೇ ಹಾಗೆ. ಅಪ್ರಾಪ್ತ ಮಕ್ಕಳಿಗೆ ಜೀವನಾಂಶ ಎನ್ನುತ್ತದೆ ಕಾಯ್ದೆ. ದೈಹಿಕ, ಮಾನಸಿಕ ತೊಂದರೆಯಿಂದ ದುಡಿಯಲಾಗದ ಮಗನಿಗೆ ವಿನಾಯಿತಿ ಇದೆ. ತನ್ನನ್ನು ತಾನು ಸಾಕಿಕೊಳ್ಳಲಾಗದ, ಮದುವೆಯಾಗದ ಮಗಳಿಗೆ 1956ರ ಕಾಯ್ದೆಯಲ್ಲಿ ಬೇರೆ ರಕ್ಷಣೆ ಇದೆ. ಗಟ್ಟಿಮುಟ್ಟಾದ 18ರ ಹುಡುಗನಿಗೆ ಇಲ್ಲ. ಫೀಸು ಕಟ್ಟುವ ಸಮಯ ಬಂದಾಗಲೇ ನಾನು ಲೆಕ್ಕದಿಂದ ಹೊರಗೆ!

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ವಯಸ್ಸಿನ ನಿಯಮ ಡಿಜಿಟಲ್: ಒಂದು ಇಲ್ಲವೇ ಸೊನ್ನೆ. 17 ವರ್ಷ 364 ದಿನಕ್ಕೆ ಒಂದು, ಮರುದಿನ ಸೊನ್ನೆ. ಅಂಶಗಳ ಪಟ್ಟಿ ಅನಲಾಗ್: ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಅಂತ ತಿರುಗಿಸಬಹುದು. ಡಿಜಿಟಲ್ ಸುಲಭ, ಯಾರೂ ವಾದ ಮಾಡುವ ಹಾಗಿಲ್ಲ. ಆದರೆ ಅದಕ್ಕೆ ನನ್ನ ಫೀಸಿನ ರಸೀದಿ ಕಾಣುವುದಿಲ್ಲ.

ಮೇಡಂ ಒಂದು ದಾರಿ ತೋರಿಸಿದರು. ಪರಿಸ್ಥಿತಿ ಬದಲಾದರೆ ಜೀವನಾಂಶದ ಮೊತ್ತವನ್ನು ಬದಲಿಸಲು ಕೇಳಬಹುದು. ಮೊದಲು ದಂಡಪ್ರಕ್ರಿಯಾ ಸಂಹಿತೆಯ 127ನೇ ಸೆಕ್ಷನ್ ಆಗಿದ್ದದ್ದು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 146ನೇ ಸೆಕ್ಷನ್ ಆಗಿದೆ. ‘ನಿನ್ನ ಹೆಸರಲ್ಲಿ ಕೇಳಕ್ಕಾಗಲ್ಲ. ಆದರೆ ನಿನ್ನ ಹೊರೆ ಈಗ ಅಮ್ಮನ ಮೇಲೆ ಬಿತ್ತಲ್ಲ, ಅದು ಅವರ ಅಗತ್ಯ’ ಅಂದರು. ಮಗನಿಗೆ 18 ತುಂಬಿದ ಕೂಡಲೇ ಅವನ ಓದಿನ ಖರ್ಚೆಲ್ಲ ತಾಯಿಯ ತಲೆಗೆ ಬೀಳುವುದನ್ನು ನೋಡಿಯೂ ಕಣ್ಣು ಮುಚ್ಚಿಕೊಳ್ಳಲಾಗದು ಎಂಬ ಅರ್ಥದಲ್ಲಿ ದೆಹಲಿ ಹೈಕೋರ್ಟ್ 2021ರಲ್ಲಿ ಹೇಳಿತ್ತು. ಬಾಗಿಲು ಮುಚ್ಚಿದ್ದರೂ ಪಟ್ಟಿ ಒಂದು ಕಿಟಕಿ ಇಟ್ಟಿತ್ತು.

2024ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ವಿಡಿಯೊ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ತಿಂಗಳಿಗೆ 6 ಲಕ್ಷಕ್ಕೂ ಹೆಚ್ಚು ಜೀವನಾಂಶ ಕೇಳಿದ್ದ ಪ್ರಕರಣ. ಅಷ್ಟು ಖರ್ಚು ಮಾಡುವುದಿದ್ದರೆ ಅವರೇ ದುಡಿಯಲಿ ಎಂಬಂತೆ ನ್ಯಾಯಮೂರ್ತಿ ಹೇಳಿದ್ದರು. ಕ್ಯಾಂಟೀನಿನಲ್ಲಿ ಗೆಳೆಯರು ‘ಎಲ್ಲರೂ ಹೀಗೇ ಕಣೋ’ ಎಂದು ನಕ್ಕರು. ನಾನು ಸುಮ್ಮನೆ ಟೀ ಕುಡಿದೆ. ಆ ಮಾತಿನ ಹಿಂದೆ ಇದ್ದದ್ದೂ ‘ಸಮಂಜಸ ಅಗತ್ಯ’ ಎಂಬ ಅದೇ ಸಾಲು. ಅಲ್ಲಿ ಲಕ್ಷಗಳನ್ನು ಪ್ರಶ್ನಿಸಿದ ಸಾಲೇ ನಮ್ಮ ಮನೆಯ ಗ್ಯಾಸ್ ಸಿಲಿಂಡರನ್ನು ಒಪ್ಪಿತ್ತು.

ನಮ್ಮ ಅರ್ಜಿಗೆ ಅಪ್ಪ ಹೊಸ ಅಫಿಡವಿಟ್ ಕೊಟ್ಟರು. ಅದರ ಪ್ರತಿ ನಮಗೂ ಬಂತು. ಸಿಟ್ಟಿನಲ್ಲೇ ಓದಲು ಕೂತೆ, ಎಲ್ಲಿ ಸುಳ್ಳು ಹೇಳಿದ್ದಾರೆ ಹಿಡಿಯೋಣ ಎಂದು. ಅವಲಂಬಿತರು ಎಂಬ ಕಾಲಂನಲ್ಲಿ ಅಜ್ಜಿಯ ಹೆಸರಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್, ಆಟೊ ಖರ್ಚು, ಮಾತ್ರೆ. ಅಜ್ಜಿಗೆ ಇಷ್ಟು ಹುಷಾರಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಕೋರ್ಟಿನ ಕಾಗದದಿಂದ! ಚಿಕ್ಕವನಿದ್ದಾಗ ದಸರಾ ಜಂಬೂಸವಾರಿಯಲ್ಲಿ ನನ್ನ ಕೈ ಬಿಡದೆ ಹಿಡಿದು ನಿಲ್ಲುತ್ತಿದ್ದ ಅಜ್ಜಿ. ಒಂದು ತಟ್ಟೆಯಲ್ಲಿ ನನ್ನ ಸೆಮಿಸ್ಟರ್ ಫೀಸು, ಇನ್ನೊಂದರಲ್ಲಿ ಅವಳ ಡಯಾಲಿಸಿಸ್. ನೂರಕ್ಕೆ ಇಂತಿಷ್ಟು ಅಂಕ ಎಂದು ಯಾರು ಹಾಕುತ್ತಾರೆ? ನನ್ನನ್ನು ಕೇಳಿದ್ದರೆ ನಾನು ಹಾಕುತ್ತಿರಲಿಲ್ಲ. ಕಾನೂನು ಯಾಕೆ ಹಾಕಿಲ್ಲವೆಂದು ಆ ರಾತ್ರಿ ಅರ್ಥವಾಯಿತು.

2025ರಲ್ಲಿ ಆದೇಶ ಬಂತು. ಅಮ್ಮನ ಮೊತ್ತ 6,000ದಿಂದ 8,500ಕ್ಕೆ ಏರಿತು. ಕೇಳಿದ್ದು 12,000. ಅಮ್ಮನಿಗೆ ಬೇಜಾರಾಯಿತು. ನಾನು ಆದೇಶವನ್ನು ಮೂರು ಸಲ ಓದಿದೆ. ಹೊಲಿಗೆಯ ಆದಾಯ, ನನ್ನ ಫೀಸು, ಅಪ್ಪನ ಸಂಬಳ, ಅಜ್ಜಿಯ ಚಿಕಿತ್ಸೆ, ಒಂದೊಂದಕ್ಕೂ ಎರಡು ಸಾಲಾದರೂ ಇತ್ತು. ಮೊತ್ತ ಸಾಲದು ಎಂದು ಈಗಲೂ ಅನ್ನಿಸುತ್ತದೆ. ಆದರೆ ನಮ್ಮನ್ನು ನೋಡಲೇ ಇಲ್ಲ ಎಂದು ಹೇಳುವಂತಿಲ್ಲ.

ಪಟ್ಟಿಯ ಅಪಾಯ ಇಲ್ಲವೆನ್ನುತ್ತಿಲ್ಲ. ಒಂದೇ ಸಂಗತಿಗೆ ಒಬ್ಬ ನ್ಯಾಯಾಧೀಶರು ಹೆಚ್ಚು, ಇನ್ನೊಬ್ಬರು ಕಡಿಮೆ ತೂಕ ಕೊಡಬಹುದು. ಅದಕ್ಕೇ ಕಾರಣ ಬರೆಯಬೇಕಾದದ್ದು ಮುಖ್ಯ. ಕಾರಣ ಬರೆದಿದ್ದರೆ ಮೇಲಿನ ಕೋರ್ಟಿಗೆ ಹೋಗಿ ‘ಈ ಅಂಶ ಬಿಟ್ಟುಹೋಗಿದೆ’ ಎನ್ನಬಹುದು.

ನನ್ನಂಥ ಮನೆಗಳಿಂದ ಬಂದ ಗೆಳೆಯ–ಗೆಳತಿಯರಿಗೆ ಎರಡು ಮಾತು. ಮಹಿಳೆಯರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, 15100ಕ್ಕೆ ಕರೆ ಮಾಡಬಹುದು. ಇನ್ನೊಂದು, ಪಟ್ಟಿಯ ಪ್ರತಿ ಸಾಲಿಗೂ ಒಂದು ಕಾಗದ ಇಟ್ಟುಕೊಳ್ಳಿ. ಫೀಸಿನ ರಸೀದಿ, ಬಾಡಿಗೆ ಚೀಟಿ, ಮೆಡಿಕಲ್ ಬಿಲ್ಲು. ಕಾಗದವಿಲ್ಲದ ಕಷ್ಟಕ್ಕೆ ಕೋರ್ಟಿನಲ್ಲಿ ತೂಕ ಕಡಿಮೆ.

ಹೋದ ತಿಂಗಳು ಅಜ್ಜಿಯನ್ನು ನೋಡಲು ಹೋಗಿದ್ದೆ. ಬಾಗಿಲು ತೆಗೆದದ್ದು ಅಪ್ಪ. ಇಬ್ಬರಿಗೂ ಏನು ಮಾತಾಡಬೇಕೆಂದು ತೋಚಲಿಲ್ಲ. ‘ಎಷ್ಟನೇ ಸೆಮ್ ಈಗ?’ ಎಂದರು. ‘ಐದು’ ಎಂದೆ. ಅಜ್ಜಿ ಒಳಗಿನಿಂದಲೇ ನನ್ನ ಹೆಸರು ಹಿಡಿದು ಕೂಗಿದಳು.