ಬಯಲು ಹಂಚಿಕೊಳ್ಳುವ ಬಗೆ

ಶಹಾಬಜಾರದ ಓಣಿಗಳನ್ನು ದಾಟಿ ಊರ ಹೊರಗೆ ಬಂದರೆ ತೊಗರಿ, ಜೋಳದ ಹೊಲಗಳು ತೊಡಗುತ್ತವೆ. ಹಕ್ಕಿ ನೋಡಲು, ಗಿಡಗಳ ಮಾದರಿ ತರಲು, ಎನ್.ಎಸ್.ಎಸ್. ಶಿಬಿರಕ್ಕೆಂದು ವಿದ್ಯಾರ್ಥಿಗಳು ಅತ್ತ ಹೋಗುವುದುಂಟು. ಅದೇ ಬಯಲಿನಲ್ಲಿ ಕುರಿ ಮೇಯಿಸುವವರಿದ್ದಾರೆ, ಬೆಳೆ ಕಾಯುವವರಿದ್ದಾರೆ. ಒಮ್ಮೊಮ್ಮೆ ಬಲೆ, ನಾಯಿಗಳೊಂದಿಗೆ ಮೊಲದ ಜಾಡು ಹಿಡಿದವರೂ ಎದುರಾಗುತ್ತಾರೆ. ಆಗ ನಮ್ಮ ನಡವಳಿಕೆ ಹೇಗಿರಬೇಕು?

ಅಮೆರಿಕದಂಥ ದೇಶಗಳಲ್ಲಿ ಬೇಟೆಗೆ ಪರವಾನಗಿಯೂ ಉಂಟು, ಗೊತ್ತಾದ ಋತುವೂ ಉಂಟು. ಆ ದಿನಗಳಲ್ಲಿ ಬೇಟೆಗಾರರು ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಉಡುಪು ತೊಡುತ್ತಾರೆ; ಕಾಡಿನಲ್ಲಿ ಅಡ್ಡಾಡುವವರಿಗೂ ಅದನ್ನೇ ಹೇಳುತ್ತಾರೆ. ನಮ್ಮಲ್ಲಿ ಪರಿಸ್ಥಿತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ. ಕೃಷ್ಣಮೃಗ, ನವಿಲು ಮೊದಲ ಪಟ್ಟಿಯಲ್ಲಿವೆ. ಇವನ್ನು ಕೊಂದವರಿಗೆ 3ರಿಂದ 7 ವರ್ಷ ಸೆರೆವಾಸ, ಜೊತೆಗೆ ದಂಡ.

ಕಾಯಿದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥ ಬಹಳ ವಿಶಾಲ. ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದು, ಉರುಲು ಒಡ್ಡುವುದು, ಅದಕ್ಕಾಗಿ ಪ್ರಯತ್ನಿಸುವುದು ಕೂಡ ಬೇಟೆಯೇ. ಕಾಡುಹಕ್ಕಿಯ ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕದಡುವುದು ಸಹ ಅದರಲ್ಲಿ ಸೇರಿದೆ. ಫೋಟೋಕ್ಕಾಗಿ ಗೂಡಿನ ಮುಂದಿನ ಟೊಂಗೆ ಬಾಗಿಸುವ ವಿದ್ಯಾರ್ಥಿ ತಾನು ಬೇಟೆಗಾರನಲ್ಲವೆಂದು ಹೇಳುವ ಮೊದಲು ಯೋಚಿಸಬೇಕು.

ಹಳೆಯ ಕಸುಬು, ಹಳೆಯ ಹಣೆಪಟ್ಟಿ

ಒಂದು ಕಾಲಕ್ಕೆ ಬೇಟೆ ನಮ್ಮ ನಾಡಿನಲ್ಲಿ ಗೌರವದ ಕೆಲಸವಾಗಿತ್ತು. ನಮ್ಮ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಆತಕೂರು ಶಾಸನವು (ಕ್ರಿ.ಶ. 949-50) ಕಾಡುಹಂದಿಯೊಡನೆ ಹೋರಾಡಿ ಸತ್ತ ‘ಕಾಳಿ’ ಎಂಬ ನಾಯಿಯ ನೆನಪಿಗೆ ನಿಂತ ಕಲ್ಲು. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧ ಪೂಜೆಯಾದ ಮೇಲೆ ಬೇಟೆಗೆ ಹೊರಡುತ್ತಿದ್ದರು. ಈಗ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಗುರಿಯ ಕೌಶಲ ಉಳಿದಿದೆ, ಪ್ರಾಣಿಯೂ ಉಳಿದಿದೆ.

ಆದರೆ ಎಲ್ಲರಿಗೂ ಈ ದಾರಿ ಇಷ್ಟು ಸುಲಭವಾಗಿರಲಿಲ್ಲ. ನಮ್ಮ ಭಾಗದ ಪಾರ್ಧಿ, ಹರಣಶಿಕಾರಿ ಜನರ ಹೆಸರಿನಲ್ಲೇ ಬೇಟೆ ಇದೆ. ಬ್ರಿಟಿಷ್ ಸರ್ಕಾರದ 1871ರ ಕಾಯಿದೆಯ ಬಲದಿಂದ ಇಂಥ ಅನೇಕ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಅಂಟಿತು. 1952ರಲ್ಲಿ ಕಾಯಿದೆ ರದ್ದಾಯಿತು. ಜನರ ಮನಸ್ಸಿನ ಅನುಮಾನ ರದ್ದಾಗಲಿಲ್ಲ. ಆದ್ದರಿಂದ ಒಬ್ಬರ ಜಾತಿ, ವೇಷ ಕಂಡೊಡನೆ ‘ಕಳ್ಳಬೇಟೆಗಾರ’ ಎನ್ನುವುದು ತಪ್ಪು. ಅಪರಾಧ ಕೃತ್ಯದಲ್ಲಿರುತ್ತದೆ, ಕುಲದಲ್ಲಿಲ್ಲ.

ಬೆಳೆ ಕಾಯುವ ರೈತ

ಮೂರನೆಯವನು ರೈತ. ರಾತ್ರಿ ಹಂದಿ ಹೊಕ್ಕರೆ, ಬೆಳಗಿನಲ್ಲಿ ಚಿಗರಿ ಹಿಂಡು ಇಳಿದರೆ ವರ್ಷದ ದುಡಿಮೆ ಹಾಳು. ಕೆಲವರು ಕಂಬದಿಂದ ನೇರವಾಗಿ ಕರೆಂಟು ಎಳೆದು ತಂತಿಗೆ ಬಿಡುತ್ತಾರೆ. ಇದು ಕಾನೂನುಬಾಹಿರ, ಪ್ರಾಣಾಂತಿಕ. ಸೋಲಾರ್ ಬೇಲಿಯಲ್ಲಿ ವೋಲ್ಟೇಜ್ ಹೆಚ್ಚಿದ್ದರೂ ವಿದ್ಯುತ್ತು ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಮಾತ್ರ ಹರಿಯುತ್ತದೆ. ಹೊಡೆತ ತಗಲುತ್ತದೆ, ಕೈ ಬಿಡಿಸಿಕೊಳ್ಳಲು ಬಿಡುವು ಸಿಗುತ್ತದೆ. ಕಂಬದ 230 ವೋಲ್ಟಿನ ಕರೆಂಟು ಬಿಡುವಿಲ್ಲದೆ ಹರಿಯುವುದರಿಂದ ಸ್ನಾಯುಗಳು ಸೆಟೆದು, ಹಿಡಿದ ಕೈ ಬಿಡಲಾಗದು. ನೋಡಲು ಎರಡು ತಂತಿಯೂ ಒಂದೇ. ಆದ್ದರಿಂದ ಯಾವುದನ್ನೂ ಮುಟ್ಟಬೇಡಿ.

ನೆನಪಿಡಬೇಕಾದ್ದು

1. ಕೇಳಿಯೇ ಹೊಲಕ್ಕೆ ಇಳಿಯಿರಿ. “ಶರಣ್ರಿ ಯಪ್ಪಾ, ಈ ಬದುವಿನ ಮ್ಯಾಲ ಹೋಗಬಹುದೇನ್ರಿ?” ಎಂಬ ಒಂದು ಮಾತು ಅರ್ಧ ಅನುಮಾನ ಕಳೆಯುತ್ತದೆ. ಮೊದಲು ನಮಸ್ಕಾರ, ಆಮೇಲೆ ಕ್ಯಾಮೆರಾ.

2. ಹಗಲಿನಲ್ಲೇ, ಗುಂಪಾಗಿ, ಎದ್ದು ಕಾಣುವ ಬಣ್ಣದ ಬಟ್ಟೆ ತೊಟ್ಟು ಹೋಗಿ. ಬೆಳೆ ಎತ್ತರವಾದಾಗ ಒಳಗೆ ನುಸುಳಬೇಡಿ. ಕಾವಲಿನವನಿಗೆ ಅಲುಗಾಡುವುದು ಹಂದಿಯೋ ಹುಡುಗನೋ ತಿಳಿಯದು.

3. ಬಿದ್ದಿರುವ ಹಿಟ್ಟಿನ ಉಂಡೆ, ಉರುಲು, ತಂತಿ ಮುಟ್ಟಬೇಡಿ. ಹಂದಿಗೆಂದು ಉಂಡೆಯಲ್ಲಿ ಸಿಡಿಮದ್ದು ಇಡುವುದುಂಟು.

4. ಬೇಟೆ ನಡೆಯುತ್ತಿರುವುದು ಕಂಡರೆ ವಾದಕ್ಕೆ ಇಳಿಯಬೇಡಿ, ಮುಖಕ್ಕೆ ಮೊಬೈಲ್ ಹಿಡಿಯಬೇಡಿ. ಹಿಂದೆ ಸರಿದು, ಜಾಗ ಮತ್ತು ಸಮಯ ಗುರುತಿಟ್ಟುಕೊಂಡು ಅರಣ್ಯ ಇಲಾಖೆಗೆ ಅಥವಾ 112ಕ್ಕೆ ತಿಳಿಸಿ.

5. ಗೂಡಿನ, ಹಿಂಡಿನ ನಿಖರ ಜಾಗವನ್ನು ಮೊಬೈಲಿನಲ್ಲಿ ಊರಿಗೆಲ್ಲ ಹಂಚಬೇಡಿ. ನೋಡುಗರು ಓದುವುದನ್ನು ಹಿಡಿಯುವವರೂ ಓದುತ್ತಾರೆ.

ನಮ್ಮ ಜಿಲ್ಲೆಯಲ್ಲಿ 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮವಿದೆ. ಆದರೂ ಚಿಗರಿ ಹೆಚ್ಚಾಗಿ ಮೇಯುವುದು ರೈತನ ಹೊಲದಲ್ಲಿ. ಅದನ್ನು ಉಳಿಸುತ್ತಿರುವುದು ಕಾಯಿದೆಯಷ್ಟೇ ಅವನ ತಾಳ್ಮೆ ಕೂಡ. ಬೆಳೆಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳಲು ಅವಕಾಶವಿದೆ. ಅರ್ಜಿ ಬರೆಯುವುದು, ಫೋಟೋ, ಪಹಣಿ ಜೋಡಿಸುವುದು ಅನೇಕರಿಗೆ ತೊಡಕು. ಹಕ್ಕಿ ನೋಡಲು ಹೋದವರು ಆ ಅರ್ಜಿಯೊಂದನ್ನು ಬರೆದುಕೊಟ್ಟು ಬಂದರೆ, ಮುಂದಿನ ಸಲ ಆ ಬದುವಿನ ಮೇಲೆ ನಿಮ್ಮನ್ನು ಯಾರೂ ತಡೆಯಲಾರರು.