ಸಭೆಯ ಪುಸ್ತಕಗಳೂ ಮನೆತನದ ಕಾಗದಗಳೂ

ಈ ಸ್ಮಾರಕ ಸಂಚಿಕೆಗಾಗಿ ಪೂರ್ವ ವಿದ್ಯಾರ್ಥಿನಿಯರ ಹೆಸರುಗಳನ್ನು ಕಲೆಹಾಕತೊಡಗಿದಾಗ ನಮಗೊಂದು ತೊಡಕು ಎದುರಾಯಿತು. ಪ್ರವೇಶ ಪುಸ್ತಕದಲ್ಲಿ ಹುಡುಗಿಯ ಹೆಸರು, ತಂದೆಯ ಹೆಸರು, ಊರು ಇವಿಷ್ಟೇ ಇರುವುವು. ಜನ್ಮದಿನದ ಅಂಕಣದಲ್ಲಿ ಅನೇಕರಿಗೆ ಜೂನ್ ೧ ಎಂದೇ ಬರೆದಿದೆ. ಅಷ್ಟು ಮಂದಿ ಹೆಣ್ಣುಮಕ್ಕಳು ಒಂದೇ ದಿವಸ ಹುಟ್ಟಿದರೆಂದು ನಂಬುವುದು ಕಷ್ಟವೇ ಸರಿ. ಶಾಲೆ ತೆರೆಯುವ ಕಾಲಕ್ಕೆ ವಯಸ್ಸು ಹೊಂದುವಂತೆ ಉಪಾಧ್ಯಾಯರು ಒಂದು ದಿನವನ್ನು ಗೊತ್ತುಮಾಡುವ ವಾಡಿಕೆಯಿತ್ತೆಂಬುದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಿಜವಾದ ದಿನವನ್ನು ತಿಳಿಯಬೇಕಾದರೆ ಆಯಾ ಊರಿನ ಸಭೆಯ ದೀಕ್ಷಾಸ್ನಾನದ ಪುಸ್ತಕವನ್ನೇ ನೋಡಬೇಕು. ಅದಕ್ಕಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳ ಪರಿಚಿತರನ್ನು ವಿಚಾರಿಸುತ್ತ ಹೋದಾಗ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತೇವೆ.

ಮನೆತನದ ವಂಶಾವಳಿಯೆಂಬುದು ಸಾಮಾನ್ಯವಾಗಿ ಗಂಡುಮಕ್ಕಳ ಸಾಲಿನಲ್ಲಿಯೇ ಇಳಿದುಬರುವುದು. ನಮ್ಮ ನಾಡಿನಲ್ಲಿ ಮನೆಮನೆಗೆ ಬಂದು ಹಿಂದಿನವರ ಹೆಸರುಗಳನ್ನು ಹೇಳುವ ಹೆಳವರ ನುಡಿಯಲ್ಲಿಯೂ, ಹೊಲದ ಪಹಣಿಯಲ್ಲಿಯೂ ಮಗಳ ಹೆಸರಿಗೆ ದೊರೆಯುವ ಸ್ಥಳ ಸ್ವಲ್ಪವೇ. ದೀಕ್ಷಾಸ್ನಾನದ ಪುಸ್ತಕದಲ್ಲಾದರೋ ಮಗ ಬಂದ ಸಾಲಿನಲ್ಲಿಯೇ ಮಗಳೂ ಬರುವಳು. ತಂದೆಯ ಹೆಸರಿನ ಪಕ್ಕದಲ್ಲಿ ತಾಯಿಯ ಹೆಸರೂ ನಿಲ್ಲುವುದು. ಪ್ರಾಯದಲ್ಲಿ ಸಭೆಗೆ ಸೇರಿದವರ ಹಳೆಯ ಹೆಸರನ್ನೂ ಹೊಸ ಹೆಸರನ್ನೂ ಒಟ್ಟಿಗೆ ಬರೆದಿದ್ದರೆ, ಆ ಮನೆತನದ ಹಿಂದಿನ ಕಾಲಕ್ಕೂ ಮುಂದಿನ ಕಾಲಕ್ಕೂ ಇರುವ ನೂಲೆಳೆ ಅದೊಂದೇ.

ಇದು ಕೇವಲ ಕುತೂಹಲದ ಮಾತಲ್ಲ. ೧೯೨೫ರ ಭಾರತೀಯ ಉತ್ತರಾಧಿಕಾರ ಕಾನೂನಿನ ಪ್ರಕಾರ ಕ್ರೈಸ್ತ ಗೃಹಸ್ಥನು ಮರಣಶಾಸನವನ್ನು ಬರೆಯದೆ ತೀರಿಕೊಂಡರೆ, ಆಸ್ತಿಯ ಮೂರರಲ್ಲೊಂದು ಪಾಲು ವಿಧವೆಗೂ ಉಳಿದ ಎರಡು ಪಾಲು ಮಕ್ಕಳಿಗೂ ಸಲ್ಲುವುದು. ಮಕ್ಕಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಆದರೆ ಮದುವೆಯಾಗಿ ದೂರದ ಊರಿಗೆ ಹೋದವಳು ತಾನು ಇಂಥವರ ಮಗಳೆಂದು ತೋರಿಸಬೇಕಷ್ಟೆ. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಆದದ್ದು ೧೯೬೯ರಲ್ಲಿ. ಅದಕ್ಕೆ ಮೊದಲು ಹಳ್ಳಿಯಲ್ಲಿ ಹುಟ್ಟಿದ ನಮ್ಮ ಅನೇಕ ಅಕ್ಕಂದಿರಿಗೆ ಸಭೆಯ ಆ ಒಂದು ಸಾಲೇ ಸಾಕ್ಷಿ.

ಇಂಥ ಪುಸ್ತಕಗಳ ಪ್ರತಿ ಬೇರೆಲ್ಲಿಯಾದರೂ ಇರಬಹುದೆಂದು ಹಲವರು ಧೈರ್ಯದಿಂದಿರುವರು. ಲಂಡನ್ ಮಿಷನಿನ ಜಾನ್ ಹ್ಯಾಂಡ್ಸ್ ಸಾಹೇಬರು ಬಳ್ಳಾರಿಗೆ ಬಂದದ್ದು ೧೮೧೦ರಲ್ಲಿ. ಕನ್ನಡ ಸತ್ಯವೇದವು ಸಂಪೂರ್ಣವಾಗಿ ಅಚ್ಚಾದದ್ದು ೧೮೩೧ರಲ್ಲಿ. ಆ ಮಿಷನಿನ ಪತ್ರಗಳೂ ವರದಿಗಳೂ ಈಗ ಲಂಡನ್ ನಗರದ ಒಂದು ವಿಶ್ವವಿದ್ಯಾಲಯದ ಪುಸ್ತಕ ಭಂಡಾರದಲ್ಲಿ ಸುರಕ್ಷಿತವಾಗಿರುವುವು. ಕರಾವಳಿಯ ಕಡೆ ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರ ಕಾಗದಗಳು ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿಯೂ ಒಂದು ಒಳ್ಳೆಯ ಭಂಡಾರವಿದೆ. ಈ ವಿಷಯದಲ್ಲಿ ಕರಾವಳಿಯವರು ನಮಗಿಂತ ಮುಂದೆ ಎಂದು ಒಪ್ಪಿಕೊಳ್ಳಲೇಬೇಕು. ಆದರೆ ದೂರ ದೇಶಕ್ಕೆ ಹೋದವುಗಳಲ್ಲಿ ಹೆಚ್ಚಿನವು ಮಿಷನರಿಗಳು ತಮ್ಮವರಿಗೆ ಬರೆದ ವೃತ್ತಾಂತಗಳು. ಯಾವ ಹಳ್ಳಿಯಲ್ಲಿ ಯಾರ ಮಗು ಎಂದು ಹುಟ್ಟಿತೆಂಬುದನ್ನು ಊರಿನ ಉಪದೇಶಿಯು ಕನ್ನಡದಲ್ಲಿ ಬರೆದಿಟ್ಟನು; ಅದು ಅಲ್ಲಿಯೇ ಉಳಿಯಿತು.

ಮದುವೆಯ ಪುಸ್ತಕದ ಸಂಗತಿ ಸ್ವಲ್ಪ ಬೇರೆ. ೧೮೭೨ರ ಕ್ರೈಸ್ತ ವಿವಾಹ ಕಾನೂನು ಮದುವೆಯ ವಿವರದ ಪ್ರತಿಯನ್ನು ಸರ್ಕಾರದ ರಿಜಿಸ್ಟ್ರಾರರಿಗೆ ಕಳುಹಿಸಬೇಕೆಂದು ವಿಧಿಸಿತು. ಆದಕಾರಣ ಸಭೆಯ ಪುಸ್ತಕ ಹಾಳಾದರೂ ಮದುವೆಯ ಗುರುತು ಸಿಕ್ಕುವ ಆಸೆಯುಂಟು. ದೀಕ್ಷಾಸ್ನಾನಕ್ಕೂ ಸಮಾಧಿಗೂ ಆ ಕಾನೂನು ಸಂಬಂಧಿಸಿದ್ದಲ್ಲ. ಹೀಗೆ ನಮ್ಮ ಹಳ್ಳಿಗಳಲ್ಲಿ ಅತ್ಯಂತ ಅಪಾಯದಲ್ಲಿರುವುವು ಈ ಎರಡು ಪುಸ್ತಕಗಳೇ. ಮೊದಲು ಕೈಗೆತ್ತಿಕೊಳ್ಳಬೇಕಾದವೂ ಅವೇ.

ಹುಡುಕುವವರು ಊರಿನ ಹೆಸರಿನೊಡನೆ ಜಿಲ್ಲೆಯ ಹೆಸರಿನಲ್ಲಿಯೂ ಎಚ್ಚರದಿಂದಿರಬೇಕು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ೧೯೫೩ನೆಯ ಅಕ್ಟೋಬರ್ ೧ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿದ್ದು, ಆ ದಿನ ಮೈಸೂರು ರಾಜ್ಯಕ್ಕೆ ಬಂದವು. ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳು ಪ್ರತ್ಯೇಕ ತಾಲ್ಲೂಕುಗಳಾದದ್ದು ಅನಂತರ. ಹಳೆಯ ಕಾಗದಗಳಲ್ಲಿ ಕೊಟ್ಟೂರನ್ನು ಕೂಡ್ಲಿಗಿ ತಾಲ್ಲೂಕಿನಲ್ಲಿ ಹುಡುಕಬೇಕು. ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, ೨೦೨೧ರಲ್ಲಿ ಉಳಿದವುಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿತು. ಊರು ಕದಲಲಿಲ್ಲ, ಕಚೇರಿ ಮಾತ್ರ ನಾಲ್ಕು ಕಡೆ ತಿರುಗಿತು! ೧೯೫೩ಕ್ಕೆ ಹಿಂದಿನ ಸರ್ಕಾರಿ ಕಾಗದಗಳಿಗಾಗಿ ಈಗಲೂ ಚೆನ್ನೈವರೆಗೆ ಹೋಗಬೇಕಾಗಬಹುದು. ತುಂಗಭದ್ರೆಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳ್ಳಿಗಳ ಕುಟುಂಬಗಳಿಗಂತೂ ಹುಟ್ಟಿದ ಊರು ಕಾಗದದಲ್ಲಿ ಮಾತ್ರ ಉಳಿದಿದೆ.

ಮನೆಯ ಸತ್ಯವೇದದ ಮೊದಲ ಹಾಳೆಯಲ್ಲಿ ಹಿರಿಯರು ಸಂವತ್ಸರದ ಹೆಸರನ್ನಷ್ಟೇ ಬರೆದಿದ್ದರೆ ಮತ್ತೊಂದು ಜಾಗರೂಕತೆ ಬೇಕು. ಸಂವತ್ಸರಗಳು ಅರುವತ್ತು ವರುಷಕ್ಕೊಮ್ಮೆ ಮರಳಿ ಬರುವುವು. ‘ಧಾತು ಸಂವತ್ಸರದಲ್ಲಿ ಜನನ’ ಎಂದರೆ ಮಹಾಕ್ಷಾಮ ತಲೆದೋರಿದ ೧೮೭೬ ಆಗಬಹುದು, ೧೯೩೬ ಆಗಬಹುದು. ಅಜ್ಜಿಯನ್ನು ಮೊಮ್ಮಗಳನ್ನಾಗಿ ಮಾಡಿಬಿಡುವ ತಪ್ಪು ಇದರಿಂದ ಸುಲಭವಾಗಿ ಆಗುವುದು.

ಇನ್ನು ಕಾಪಾಡುವ ಕ್ರಮ. ಕರಾವಳಿಯಲ್ಲಿ ಮಳೆಗಾಲದ ತೇವವೂ ಬೂಷ್ಟೂ ಶತ್ರುಗಳು. ನಮ್ಮ ಬಯಲುಸೀಮೆಯಲ್ಲಿ ಗೆದ್ದಲು, ದೂಳು, ಸೆಕೆ. ಅಲ್ಲಿಯ ಉಪಾಯವೆಲ್ಲ ಇಲ್ಲಿ ಸಲ್ಲದು. ಹಳೆಯ ಶಾಯಿಯನ್ನು ಅಳಲೆಕಾಯಿ, ಅನ್ನಭೇದಿಗಳಿಂದ ಮಾಡುತ್ತಿದ್ದರು. ಅದು ಕಾಲಕ್ರಮದಲ್ಲಿ ತಾನೇ ಕಾಗದವನ್ನು ತಿನ್ನುವುದು. ಅಂಥ ಹಾಳೆಯನ್ನು ಮಡಿಸಿದರೆ ಅಕ್ಷರವಿದ್ದ ಕಡೆಯೇ ಬಿರಿಯುವುದು. ಪ್ಲಾಸ್ಟಿಕ್ ಹಾಳೆಯ ನಡುವೆ ಬಿಸಿಯಿಂದ ಅಂಟಿಸುವ ಲ್ಯಾಮಿನೇಷನ್ನನ್ನು ಎಂದಿಗೂ ಮಾಡಿಸಬಾರದು; ಅದನ್ನು ಮತ್ತೆ ಬಿಡಿಸಲಾಗದು. ಅಂಟುಪಟ್ಟಿಯೂ ರಬ್ಬರ್ ಪಟ್ಟಿಯೂ ಬೇಡ. ನೆನೆದ ಪುಸ್ತಕವನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಗಾಳಿಗೆ ಆರಿಸಬೇಕು. ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದ ಬಟ್ಟೆಯ ಕಡತ ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಒದ್ದೆ ಬಟ್ಟೆಯಿಂದ ಒರಸಬೇಡಿರಿ. ಬಳಪದ ಬರಹ ಒಂದೇ ಸಲಕ್ಕೆ ಅಳಿಸಿಹೋಗುವುದು.

ಒಂದು ಹಳ್ಳಿಯಲ್ಲಿ ವೃದ್ಧೆಯೊಬ್ಬರು ನಮ್ಮ ಮುಂದೆ ಒಂದು ಗಂಟನ್ನು ಬಿಚ್ಚಿದರು. ಪ್ಲಾಸ್ಟಿಕ್ ಚೀಲದ ಮೇಲೆ ಚೀಲ, ಅದರ ಮೇಲೆ ದಾರ. ಒಳಗೆ ಸಮಾಧಿಯ ಪುಸ್ತಕದ ಅಂಚುಗಳು ಮಾತ್ರ ಉಳಿದಿದ್ದವು, ನಡುವೆ ಹಿಟ್ಟಿನಂಥ ಪುಡಿ. “ಬಂಗಾರ ಕಟ್ಟಿಟ್ಟಂಗ ಕಟ್ಟಿಟ್ಟಿದ್ವಿ ಯವ್ವಾ, ಒಳಗ ಹುಳ ಇದ್ದದ್ದು ಗೊತ್ತಾಗಲಿಲ್ಲ” ಎಂದರು. ಅವರ ತಪ್ಪೇನೂ ಇಲ್ಲ. ಅದನ್ನು ಕಟ್ಟಿದ್ದು ಪ್ರೀತಿಯಿಂದಲೇ. ಆದರೆ ಪುಸ್ತಕಕ್ಕೆ ಗಾಳಿ ಬೇಕು. ಒಗೆದ ಬಿಳಿಯ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ಗೋಡೆಗೆ ತಾಗದಂತೆಯೂ ನೆಲದಿಂದ ಎತ್ತರವಾಗಿಯೂ ಇಟ್ಟ ಉಕ್ಕಿನ ಬೀರುವಿನಲ್ಲಿ ಇಡಬೇಕು. ಹದಿನೈದು ದಿನಕ್ಕೊಮ್ಮೆ ತೆರೆದು ನೋಡಬೇಕು. ನಮ್ಮವರು ಇಡುತ್ತಿದ್ದ ಬಜೆಯ ಬೇರು, ಒಣಗಿದ ಬೇವಿನ ಎಲೆ ಇವು ಒಳ್ಳೆಯವೇ, ಆದರೆ ತೆರೆದು ನೋಡುವ ಕಣ್ಣಿಗೆ ಅವು ಬದಲಲ್ಲ.

ಎರಡನೆಯ ಪ್ರತಿಯನ್ನು ಮಾಡುವುದಕ್ಕೆ ಈಗ ಕೈಯಲ್ಲಿರುವ ಫೋನೇ ಸಾಕು. ಸಭಾಪಾಲಕರ ಅಪ್ಪಣೆಯನ್ನು ಪಡೆದು, ಪುಸ್ತಕವನ್ನು ಅಲುಗಿಸದೆ ಕಿಟಕಿಯ ಬೆಳಕಿನಲ್ಲಿ, ರಟ್ಟಿನಿಂದ ಹಿಡಿದು ಬರಿಯ ಹಾಳೆಗಳನ್ನೂ ಬಿಡದೆ ಕ್ರಮವಾಗಿ ಚಿತ್ರ ತೆಗೆಯಬೇಕು. ಬರಿಯ ಹಾಳೆಯನ್ನು ಬಿಟ್ಟರೆ ನಡುವೆ ಏನೋ ಕಳೆದಿದೆಯೆಂದು ಮುಂದಿನವರು ಸಂಶಯಪಡುವರು. ಚಿತ್ರಗಳ ಒಂದು ಪ್ರತಿ ಸಭೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿರಲಿ. ಮೂಲ ಪುಸ್ತಕವನ್ನು ಮಾತ್ರ ಯಾರಿಗೂ ಎರವಲು ಕೊಡಕೂಡದು. ಹಿಂದೊಮ್ಮೆ ಇತಿಹಾಸ ಬರೆಯುವೆನೆಂದು ಒಬ್ಬರು ನಮ್ಮ ಮನೆಯಿಂದ ಒಯ್ದ ಎರಡು ಪುಸ್ತಕಗಳು ಇಂದಿಗೂ ಹಿಂದಿರುಗಿಲ್ಲ, ಇತಿಹಾಸವೂ ಬರಲಿಲ್ಲ. ಅಲ್ಲದೆ ಈ ಹಾಳೆಗಳಲ್ಲಿ ಹಿಂದಿನ ಜಾತಿ, ಅನಾಥ ಮಗುವಿನ ವೃತ್ತಾಂತ, ಸಭೆಯ ಶಿಸ್ತಿಗೆ ಒಳಗಾದವರ ಹೆಸರು ಇವೆಲ್ಲ ಇರಬಹುದು. ಪ್ರತಿ ಮಾಡುವುದು ಬೇರೆ, ಎಲ್ಲರಿಗೂ ಹಂಚುವುದು ಬೇರೆ. ಬದುಕಿರುವವರ ಮನಸ್ಸು ನೋಯುವಂಥದನ್ನು ಮುಚ್ಚಿಡುವುದೇ ಮರ್ಯಾದೆ.

ಕೊನೆಯದಾಗಿ ನಿಮ್ಮ ಮನೆಯಲ್ಲಿರುವ ತರಗತಿಯ ಭಾವಚಿತ್ರಗಳ ಮಾತು. ನಾವು ನೋಡಿದ ಚಿತ್ರಗಳಲ್ಲಿ ಕುರ್ಚಿಯ ಮೇಲೆ ಕುಳಿತ ಉಪಾಧ್ಯಾಯಿನಿಯರ ಹೆಸರು ಕೆಳಗೆ ಅಚ್ಚಾಗಿದೆ. ಹಿಂದೆ ನಿಂತ ಹುಡುಗಿಯರಿಗೆ ಹೆಸರಿಲ್ಲ. ಈ ವರುಷದ ಸಮ್ಮೇಳನಕ್ಕೆ ಬರುವಾಗ ಅವನ್ನು ತನ್ನಿರಿ. ಹಿರಿಯ ಅಕ್ಕಂದಿರು ಬೆರಳಿಟ್ಟು ಹೇಳಿದಂತೆ, ಎಡದಿಂದ ಬಲಕ್ಕೆ, ತವರಿನ ಊರಿನ ಹೆಸರನ್ನೂ ಸೇರಿಸಿ, ಚಿತ್ರದ ಹಿಂಬದಿಯ ಅಂಚಿನಲ್ಲಿ ಮೆಲ್ಲಗೆ ಮೆತ್ತನೆಯ ಪೆನ್ಸಿಲಿನಿಂದ ಬರೆದುಕೊಳ್ಳೋಣ.